ಕೈಯಿಂದ ಕೈಗೆ ಒಂದು ವರ್ಷ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯ ಹೊಸ ತಂದೆತಾಯಂದಿರಿಗೆ, ಹಾಗೂ ಅವರ ಮನೆಗಳಲ್ಲಿ ಬಾಣಂತನದ ಹೊಣೆ ಹೊತ್ತ ಹಿರಿಯರಿಗೆ,



ಈ ಸೀಮೆಯಲ್ಲಿ ಹುಟ್ಟಿದ ಕೂಸು ತನ್ನ ಮೊದಲ ವರ್ಷವನ್ನು ಒಂದೇ ಮನೆಯಲ್ಲಿ, ಒಂದೇ ಕೈಯಲ್ಲಿ ಕಳೆಯುವುದು ಅಪರೂಪ. ಹೆರಿಗೆ ಆಸ್ಪತ್ರೆಯಲ್ಲಾಗುತ್ತದೆ, ಬಾಣಂತನ ತವರಿನಲ್ಲಿ ನಡೆಯುತ್ತದೆ, ಮೂರೋ ಐದೋ ತಿಂಗಳು ತುಂಬಿದ ಮೇಲೆ ತೊಟ್ಟಿಲ ಸಮೇತ ಗಂಡನ ಮನೆಗೆ ಪಯಣವಾಗುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಕುಟುಂಬವಾದರೆ ಸುಗ್ಗಿ ಮುಗಿಯುತ್ತಲೇ ಅದೇ ಕೂಸು ಗುಳೆಯ ಗಂಟುಮೂಟೆಯೊಂದಿಗೆ ಬೆಂಗಳೂರಿಗೋ ಮಂಗಳೂರಿಗೋ ಗೋವಾಕ್ಕೋ ಬಸ್ಸು ಹತ್ತುವುದೂ ಉಂಟು. ಶಿಶುಪಾಲನೆಯ ಪುಸ್ತಕಗಳು ಮೊದಲ ವರ್ಷವನ್ನು ತಿಂಗಳಿಂದ ತಿಂಗಳಿಗೆ ವಿಂಗಡಿಸಿ, ಯಾವಾಗ ಕತ್ತು ನಿಲ್ಲುತ್ತದೆ, ಯಾವಾಗ ಹಲ್ಲು ಬರುತ್ತದೆ ಎಂದು ಹೇಳುತ್ತವೆ. ಆ ಲೆಕ್ಕ ತಪ್ಪಲ್ಲ. ಆದರೆ ಈ ನಾಲ್ಕು ತಾಲ್ಲೂಕುಗಳ ಬದುಕಿಗೆ ಹೆಚ್ಚು ಹೊಂದುವುದು ಕೂಸು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಸಂದರ್ಭಗಳ ಲೆಕ್ಕ, ಏಕೆಂದರೆ ತೂಕ ನಿಲ್ಲುವುದು, ಲಸಿಕೆ ತಪ್ಪುವುದು, ಎದೆಹಾಲು ಬಿಡುವುದು ಹೆಚ್ಚಾಗಿ ಆ ದಾಟುವಿಕೆಯಲ್ಲೇ. ಆದ್ದರಿಂದ ಈ ಪತ್ರ ತಿಂಗಳುಗಳನ್ನು ಎಣಿಸುವುದಕ್ಕಿಂತ ದಾಟುವ ಹೊಸ್ತಿಲುಗಳನ್ನು ಎಣಿಸುತ್ತದೆ.

ಮೊದಲನೆಯ ಹೊಸ್ತಿಲು ಆಸ್ಪತ್ರೆಯದು. ಹುಟ್ಟಿದಾಗ ಎರಡೂವರೆ ಕಿಲೊಗಿಂತ ಕಡಿಮೆ ತೂಗುವ ಕೂಸನ್ನು ವೈದ್ಯರು ಕಡಿಮೆ ತೂಕದ ಶಿಶು ಎಂದು ಕರೆಯುತ್ತಾರೆ. ಇಂಥ ಕೂಸಿನ ಮೈಯಲ್ಲಿ ಕೊಬ್ಬು ತೀರ ಕಡಿಮೆಯಿರುವುದರಿಂದ ಅದು ತನ್ನ ಮೈಗಾವನ್ನು ತಾನೇ ಕಾಯ್ದುಕೊಳ್ಳಲಾರದು, ಮೈ ತಣ್ಣಗಾದ ಕೂಸು ಮೊಲೆ ಹಿಡಿಯುವುದಿಲ್ಲ, ಹಾಲಿಲ್ಲದ ಕೂಸು ಮತ್ತಷ್ಟು ತಣ್ಣಗಾಗುತ್ತದೆ. ಈ ಸುಳಿಯಿಂದ ಹೊರತರುವ ಉಪಾಯವೊಂದು 1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ, ಶಿಶುಗಳನ್ನು ಕಾಯಿಸುವ ಯಂತ್ರಗಳು ಸಾಲದೆ ಒಂದೊಂದರಲ್ಲಿ ಎರಡು ಮೂರು ಕೂಸುಗಳನ್ನು ಮಲಗಿಸಬೇಕಾದ ಇಕ್ಕಟ್ಟಿನಲ್ಲಿ ಹುಟ್ಟಿತು. ಅಲ್ಲಿನ ವೈದ್ಯ ಎಡ್ಗರ್ ರೇ ಸನಾಬ್ರಿಯಾ ಕೂಸನ್ನು ಯಂತ್ರದ ಬದಲು ತಾಯಿಯ ಬರಿಯ ಎದೆಗೆ ಒತ್ತಿ ಕಟ್ಟಿಸಿದರು. ಹೊಟ್ಟೆಯ ಚೀಲದಲ್ಲಿ ಮರಿಯನ್ನು ಹೊತ್ತು ತಿರುಗುವ ಪ್ರಾಣಿಯ ನೆನಪಿನಿಂದ ಇದಕ್ಕೆ ಕಾಂಗರೂ ಆರೈಕೆ ಎಂಬ ಹೆಸರು ಬಂತು.

ಬೊಗೋಟಾದ ಈ ಕಥೆಗೆ ಕೊಪ್ಪಳದ ನಂಟೂ ಇದೆ. ಕಾಂಗರೂ ಆರೈಕೆಯನ್ನು ಒಂದು ಜಿಲ್ಲೆಯ ಎಲ್ಲ ಸಣ್ಣ ಕೂಸುಗಳಿಗೂ ತಲುಪಿಸಲು ಸಾಧ್ಯವೇ ಎಂದು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ ಇಥಿಯೋಪಿಯಾ ಮತ್ತು ಭಾರತದಲ್ಲಿ ಅಧ್ಯಯನ ನಡೆಸಿದಾಗ, ಭಾರತದಲ್ಲಿ ಆರಿಸಿಕೊಂಡ ಎರಡು ಜಿಲ್ಲೆಗಳು ಹರಿಯಾಣದ ಸೋನಿಪತ್ ಮತ್ತು ಕರ್ನಾಟಕದ ಕೊಪ್ಪಳ. ಇಲ್ಲಿನ ಕೆಲಸದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಪಾಲ್ಗೊಂಡಿತ್ತು. ಎರಡು ಕಿಲೊಗಿಂತ ಕಡಿಮೆ ತೂಕದ ಕೂಸುಗಳ ಈ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಭಾರತದ ಜಾಗಗಳಲ್ಲಿ ಶೇ. 87ರಷ್ಟು ಕೂಸುಗಳಿಗೆ ಈ ಆರೈಕೆ ಆರಂಭವಾಗಿತ್ತು, ಅಂದರೆ ತಾಯಂದಿರೂ ದಾದಿಯರೂ ಅದನ್ನು ಒಪ್ಪಿಕೊಂಡಿದ್ದರು. ಆದರೆ ಆಸ್ಪತ್ರೆಯಿಂದ ಮನೆಗೆ ಹೋದ ಏಳು ದಿನಕ್ಕೆ ನೋಡಿದರೆ, ದಿನಕ್ಕೆ ಎಂಟು ಗಂಟೆಯಾದರೂ ಎದೆಗಾವು ಮತ್ತು ಬರಿಯ ಎದೆಹಾಲು ಎರಡೂ ಸಿಗುತ್ತಿದ್ದ ಕೂಸುಗಳ ಪಾಲು ಕರ್ನಾಟಕದ ಜಾಗದಲ್ಲಿ ಶೇ. 36ಕ್ಕೆ ಇಳಿದಿತ್ತು. ಆಸ್ಪತ್ರೆಯ ಬಾಗಿಲಿಗೂ ತವರಿನ ಪಡಸಾಲೆಗೂ ನಡುವೆ ಏನೋ ಕಳಚಿಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಕಳಚಿಬೀಳಲು ಕಾರಣ ಉದಾಸೀನವಲ್ಲ. ಮನೆಯಲ್ಲಿ ಬಾಣಂತಿಗೆ ತನ್ನದೇ ಆದ ಎಂಟು ಗಂಟೆ ಸಿಗುವುದಿಲ್ಲ, ಬಂದವರೆಲ್ಲ ಕೂಸನ್ನು ಎತ್ತಿಕೊಳ್ಳಬೇಕು, ಎಲ್ಲರೆದುರು ರವಿಕೆ ಬಿಚ್ಚಿ ಕೂರಲು ಸಂಕೋಚ; ಮೇಲಾಗಿ ಕೂಸನ್ನು ಎದೆಯ ಮೇಲೆ ಕಟ್ಟಿಕೊಂಡಿದ್ದರೆ ಹೊರಸಿನ ಮೇಲೆ ಮಲಗಿ ಮೈ ಕಾಯಿಸಿಕೊಳ್ಳುವ ಬಾಣಂತನದ ಕ್ರಮಕ್ಕೆ ಅಡ್ಡಿ ಎಂದು ಹಿರಿಯರ ಎಣಿಕೆ. ಇದಕ್ಕೆ ಪರಿಹಾರವೂ ಮನೆಯೊಳಗೇ ಇದೆ. ಕೂಸಿಗೆ ಒಂದು ಲಂಗೋಟಿ, ತಲೆಗೆ ಕುಂಚಿಗೆ, ಕಾಲಿಗೆ ಚೀಲ ಮಾತ್ರ ಹಾಕಿ, ತಾಯಿಯ ಎರಡು ಮೊಲೆಗಳ ನಡುವೆ ನೆಟ್ಟಗೆ ನಿಲ್ಲಿಸಿದಂತೆ ಇಟ್ಟು, ಮುಖವನ್ನು ಒಂದು ಮಗ್ಗುಲಿಗೆ ತಿರುಗಿಸಿ ಮೂಗು ಕಾಣುವಂತೆ ಬಿಟ್ಟು, ಕಾಲುಗಳನ್ನು ಕಪ್ಪೆಯ ಕಾಲಿನಂತೆ ಮಡಿಸಿ, ಒಗೆದೊಗೆದು ಮೆತ್ತಗಾದ ಹಳೆಯ ಇಳಕಲ್ಲ ಸೀರೆಯ ತುಂಡಿನಿಂದ ಕೂಸಿನ ಕಿವಿಯ ಕೆಳಗಿನವರೆಗೆ ಬಿಗಿದು ಕಟ್ಟಿದರೆ, ಮೇಲೆ ಸೆರಗು ಹೊದ್ದ ತಾಯಿ ಕೂತಿರಬಹುದು, ಒರಗಿ ನಿದ್ದೆಯನ್ನೂ ಮಾಡಬಹುದು. ತಾಯಿ ದಣಿದಾಗ ತಂದೆಯ ಎದೆಯೂ ಅಜ್ಜಿಯ ಎದೆಯೂ ಅಷ್ಟೇ ಕಾವು ಕೊಡುತ್ತವೆ. ತಂದೆಗೆ ಈ ಸೀಮೆಯ ಬಾಣಂತನದಲ್ಲಿ ಬುತ್ತಿ ತಂದುಕೊಟ್ಟು ಹೊರಗೆ ಕೂರುವುದರ ಹೊರತು ಬೇರೆ ಪಾತ್ರವೇ ಇಲ್ಲದಿದ್ದುದರಿಂದ, ಈ ಕೆಲಸ ಅವನಿಗೆ ಹೊಸ ಜಾಗವನ್ನೇ ಕೊಡುತ್ತದೆ.

ಹಾಗೆ ನೋಡಿದರೆ ಬಾಣಂತನದ ಇಡೀ ತರ್ಕ ನಿಂತಿರುವುದೇ ಕಾವಿನ ಮೇಲೆ. ಬಾಗಿಲು ಮುಚ್ಚಿದ ಕೋಣೆ, ಹೊರಸಿನ ಕೆಳಗೆ ಕೆಂಡದ ಶೆಗಡಿ, ಕೌದಿ, ಕುಂಚಿಗೆ, ಲೋಬಾನದ ಹೊಗೆ ಎಲ್ಲವೂ ಕೂಸು ತಣ್ಣಗಾಗಬಾರದು ಎಂಬ ಒಂದೇ ಅರಿವಿನಿಂದ ಬಂದವು, ಮತ್ತು ಆ ಅರಿವು ಸರಿಯಾದದ್ದು. ಬದಲಾಗಬೇಕಾದದ್ದು ಕಾವಿನ ಮೂಲ ಮಾತ್ರ. ಮುಚ್ಚಿದ ಕೋಣೆಯಲ್ಲಿ ಉರಿಯುವ ಕೆಂಡ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗಾಳಿಯನ್ನು ಬಿಡುತ್ತದೆ, ಹೊಗೆ ಕೂಸಿನ ಎಳೆಯ ಶ್ವಾಸಕೋಶವನ್ನು ಕೆರಳಿಸುತ್ತದೆ. ಎದೆಯ ಕಾವಿಗೆ ಈ ಎರಡೂ ದೋಷಗಳಿಲ್ಲ. ಐದನೆಯ ರಾತ್ರಿ ಸಟವಿ ಎಂಬ ದೇವತೆ ಬಂದು ಹಣೆಬರಹ ಬರೆಯುತ್ತಾಳೆಂಬ ನಂಬಿಕೆಯೂ ಅರ್ಥವಿಲ್ಲದ್ದಲ್ಲ. ಒಂದು ತಿಂಗಳೊಳಗೆ ತೀರಿಹೋಗುವ ಕೂಸುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲೇ ಹೋಗುತ್ತವೆ ಎಂದು ಇಂದಿನ ಲೆಕ್ಕ ಹೇಳುತ್ತದೆ. ಆ ರಾತ್ರಿ ದೀಪ ಹಚ್ಚಿ ಎಚ್ಚರವಾಗಿರುತ್ತಿದ್ದ ಅಜ್ಜಿಯರಿಗೆ ಆ ಲೆಕ್ಕ ಅನುಭವದಿಂದಲೇ ಗೊತ್ತಿದ್ದಿರಬೇಕು.

ಎರಿಯುವ ಕ್ರಮದ ಬಗ್ಗೆಯೂ ಒಂದು ಮಾತು ಅಗತ್ಯ. ಮುದುಕಿ ಮಣೆಯ ಮೇಲೆ ಕೂತು ಕಾಲು ಚಾಚಿ, ಕೂಸನ್ನು ಮೊಣಕಾಲಿನಿಂದ ಪಾದದವರೆಗೆ ಬೋರಲು ಹಾಕಿಕೊಂಡು, ಎಣ್ಣೆ ತೀಡಿ, ತಂಬಿಗೆಯಿಂದ ಹದವಾದ ನೀರು ಹಾಕುವ ಆ ಕೈಚಳಕವನ್ನು ಯಾವ ನರ್ಸಿಂಗ್ ಶಾಲೆಯೂ ಕಲಿಸಲಾರದು. ಆದರೆ ಮೊದಲ ಇಪ್ಪತ್ತನಾಲ್ಕು ಗಂಟೆ ನೀರು ಹಾಕಬಾರದು, ಕಡಿಮೆ ತೂಕದ ಕೂಸಿಗೆ ಹೊಕ್ಕಳು ಬೀಳುವವರೆಗೂ ಒರೆಸುವುದೇ ಸಾಕು, ಕಿವಿ ಮೂಗುಗಳಿಗೆ ಎಣ್ಣೆ ಬಿಡುವುದು, ಮೂಗು ಊದುವುದು, ಹೊಕ್ಕಳಿಗೆ ಬೂದಿಯನ್ನೋ ಅರಿಸಿನವನ್ನೋ ಮೆತ್ತುವುದು ಬೇಡ. ಹೊಕ್ಕಳು ಒಣಗಿ ತಾನೇ ಉದುರಬೇಕು.

ಹಾಲಿನ ವಿಷಯ ಇಷ್ಟು ಬೇಗ ಮುಗಿಯುವಂಥದ್ದಲ್ಲ. ಹೆರಿಗೆಯಾದ ಒಂದು ಗಂಟೆಯೊಳಗೆ ಕೂಸಿನ ಬಾಯಿಗೆ ಮೊಲೆ ಕೊಡಬೇಕು. ಮೊದಲ ಎರಡು ಮೂರು ದಿನ ಬರುವ ಹಳದಿ ಬಣ್ಣದ ಗಟ್ಟಿ ಹಾಲು, ಅಂದರೆ ಗಿಣ್ಣುಹಾಲು, ರೋಗನಿರೋಧಕ ಅಂಶಗಳಿಂದ ತುಂಬಿರುವುದರಿಂದ ಅದನ್ನು ಕೆಟ್ಟಹಾಲೆಂದು ಹಿಂಡಿ ಚೆಲ್ಲುವುದು ಕೂಸಿನ ಮೊದಲ ಲಸಿಕೆಯನ್ನೇ ಚೆಲ್ಲಿದಂತೆ. ಆರು ತಿಂಗಳು ತುಂಬುವವರೆಗೆ ಎದೆಹಾಲಲ್ಲದೆ ಬೇರೇನೂ ಬೇಡ. ಈ ಬೇರೇನೂ ಎಂಬ ಮಾತಿನಲ್ಲಿ ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ, ತೇಯ್ದ ಬಜೆ, ಗುಟ್ಟಿ, ಊರೂರು ತಿರುಗುವವರು ಒಂದೊಂದು ಒಳಲೆ ಲೆಕ್ಕದಲ್ಲಿ ಮಾರುವ ಕತ್ತೆಹಾಲು ಎಲ್ಲವೂ ಸೇರಿವೆ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನೆಕ್ಕಿಸಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುವ ವಿಷವನ್ನು ಉಂಟುಮಾಡುತ್ತದೆ.

ಎಲ್ಲಕ್ಕಿಂತ ಕಠಿಣವಾಗಿ ಕಾಣುವ ನಿಯಮ ನೀರಿನದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಊರುಗಳಲ್ಲಿ ಮೂರು ತಿಂಗಳ ಕೂಸಿಗೆ ಒಂದು ಹನಿ ನೀರೂ ಬೇಡವೆಂದರೆ ಅದು ಕ್ರೌರ್ಯದಂತೆ ತೋರುತ್ತದೆ. ಆದರೆ ಎದೆಹಾಲಿನಲ್ಲಿ ಶೇ. 88ರಷ್ಟು ನೀರೇ ಇದೆ. ಕೂಸಿಗೆ ಬಾಯಾರಿದರೆ ಇನ್ನೊಂದು ಸಲ ಮೊಲೆಗೆ ಹಾಕಬೇಕು, ನೀರು ಕುಡಿಯಬೇಕಾದವಳು ತಾಯಿ. ಇಲ್ಲಿ ಬಾಣಂತನ ತದ್ವಿರುದ್ಧ ದಾರಿ ಹಿಡಿಯುತ್ತದೆ: ಹೊಟ್ಟೆ ಬರುತ್ತದೆ, ಥಂಡಿಯಾಗುತ್ತದೆ ಎಂದು ಬಾಣಂತಿಯ ನೀರನ್ನು ತಂಬಿಗೆಯಿಂದ ಲೋಟಕ್ಕೆ ಇಳಿಸಿ, ಕೂಸಿಗೆ ಒಳಲೆಯಲ್ಲಿ ನೀರು ಹಾಕುತ್ತದೆ.

ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಮಟ್ಟಿಗೆ ಈ ನಿಯಮಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಸಾಮಾನ್ಯ ಕೈಪಿಡಿಗಳು ಹೇಳುವುದಿಲ್ಲ. ಇಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯ ಮಿತಿ, ಬೇರೆ ದಾರಿಯಿಲ್ಲದಾಗ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನದಂಡ. ಮಿತಿ ದಾಟಿದ ನೀರನ್ನು ಎಳವೆಯಿಂದಲೇ ವರ್ಷಗಟ್ಟಲೆ ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ, ಮುಂದೆ ಕೀಲುಗಳು ಬಿಗಿಯುತ್ತವೆ. ಆರೇಳು ವರ್ಷಕ್ಕೆ ಹುಟ್ಟುವ ಶಾಶ್ವತ ಮುಂಬಲ್ಲುಗಳ ಹೊಳಪಿನ ಪದರ ದವಡೆಯೊಳಗೆ ರೂಪುಗೊಳ್ಳಲು ತೊಡಗುವುದು ಕೂಸಿಗೆ ಮೂರು ನಾಲ್ಕು ತಿಂಗಳಾದಾಗಲೇ. ತಾಯಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೂ ಅವಳ ಹಾಲಿಗೆ ಇಳಿಯುವುದು ಅತ್ಯಲ್ಪ. ಅವಳ ಮೈ ಅದನ್ನು ಸೋಸಿ ಕೊಡುತ್ತದೆ. ಅದೇ ಕೊಳವೆಬಾವಿಯ ನೀರಿನಲ್ಲಿ ಡಬ್ಬಿಹಾಲಿನ ಪುಡಿ ಕದಡಿದರೆ ಆ ಸೋಸುವಿಕೆ ಇಲ್ಲವಾಗುತ್ತದೆ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಆರು ತಿಂಗಳ ನಂತರ ಕೂಸಿಗೆ ನೀರು ಕೊಡುವಾಗ, ಅಂಬಲಿ ಕಾಯಿಸುವಾಗ, ಊರಿನ ಶುದ್ಧ ನೀರಿನ ಘಟಕದ ಕೊಡವನ್ನು ಕೂಸಿಗಾಗಿಯೇ ಬೇರೆ ಇಟ್ಟುಕೊಳ್ಳುವುದು ಈ ಎರಡು ತಾಲ್ಲೂಕುಗಳಲ್ಲಿ ಅತಿಯಾದ ಜಾಗ್ರತೆಯೇನಲ್ಲ.

ಎರಡನೆಯ ಹೊಸ್ತಿಲು ತವರಿನದು, ಇಲ್ಲಿ ತಪ್ಪಿಹೋಗುವುದು ಲಸಿಕೆ. ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ ಮತ್ತು ಹೆಪಟೈಟಿಸ್ ಬಿ. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಮತ್ತು ಅದರ ಜೊತೆಗಿನ ಲಸಿಕೆಗಳು. ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಮತ್ತು ಎ ಜೀವಸತ್ವದ ಮೊದಲ ಗುಟುಕು: ಇದು ಸರ್ಕಾರದ ವೇಳಾಪಟ್ಟಿ. ಮಿದುಳು ಜ್ವರದ ಲಸಿಕೆ ಕೊಡುವ ಜಿಲ್ಲೆಗಳಲ್ಲಿ ಕೊಪ್ಪಳವೂ ಇದೆ. ಆ ರೋಗವನ್ನು ಹರಡುವ ಸೊಳ್ಳೆ ನೀರು ನಿಂತ ಗದ್ದೆಯಲ್ಲಿ ಮರಿಮಾಡುವುದರಿಂದ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಗಂಗಾವತಿಯ ಭತ್ತದ ಊರುಗಳು ಅದನ್ನು ಮರೆಯುವಂತಿಲ್ಲ. ಈ ಪಟ್ಟಿಯನ್ನು ತವರಿನ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿದರೆ ತೊಡಕು ತಾನೇ ಕಾಣುತ್ತದೆ. ಹದಿನಾಲ್ಕನೆಯ ವಾರವೆಂದರೆ ಮೂರು ತಿಂಗಳು ತುಂಬಿ ಕೆಲವು ದಿನ, ಅಂದರೆ ಮೂರನೇ ತಿಂಗಳಿಗೆ ಕೂಸನ್ನು ಗಂಡನ ಮನೆಗೆ ಕಳಿಸುವ ಮನೆಗಳಲ್ಲಿ ಸರಿಯಾಗಿ ಪಯಣದ ವಾರ. ತವರಿನ ಆಶಾ ಕಾರ್ಯಕರ್ತೆ ಕೂಸು ಊರು ಬಿಟ್ಟಿತೆಂದು ತನ್ನ ಪುಸ್ತಕದಲ್ಲಿ ಗೆರೆ ಎಳೆಯುತ್ತಾಳೆ, ಗಂಡನ ಊರಿನ ಆಶಾ ಪುಸ್ತಕದಲ್ಲಿ ಆ ಕೂಸು ಇನ್ನೂ ಹುಟ್ಟಿಯೇ ಇಲ್ಲ. ಹಣೆಗೆ ಕುಂಕುಮ, ಕೈಗೆ ಬಳೆ, ಮಡಿಲಿಗೆ ಅಕ್ಕಿ ಹಾಕಿ ಕಳಿಸುವಾಗ ಲಸಿಕೆಯ ದಾಖಲೆಯಿರುವ ತಾಯಿ ಕಾರ್ಡು ಮಡಿಲಕ್ಕಿಯ ಜೊತೆಗೇ ಹೋಗಬೇಕು, ಮತ್ತು ಗಂಡನ ಊರು ಸೇರಿದ ವಾರದಲ್ಲೇ ಅಲ್ಲಿನ ಆಶಾ ಮತ್ತು ಅಂಗನವಾಡಿಯ ಪುಸ್ತಕದಲ್ಲಿ ಕೂಸಿನ ಹೆಸರು ಸೇರಬೇಕು. ಬಿಸಿಜಿ ಹಾಕಿದ ಎಡತೋಳಿನ ಜಾಗ ಒಂದೂವರೆ ತಿಂಗಳಿಗೆ ಗುಳ್ಳೆಯಾಗಿ, ಕೀವಾಗಿ, ಗುರುತು ಉಳಿಸಿ ಮಾಯುವುದು ಸಹಜ; ಅದಕ್ಕೆ ಏನನ್ನೂ ಹಚ್ಚಬಾರದು.

ಮೂರನೆಯದು ಎದೆಯಿಂದ ಬಟ್ಟಲಿಗೆ ದಾಟುವ ಹೊಸ್ತಿಲು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ, ಆರು ತಿಂಗಳು ದಾಟಿದ ಪುಟ್ಟ ಮಕ್ಕಳಲ್ಲಿ ಶೇ. 65.5ರಷ್ಟಕ್ಕೆ ರಕ್ತ ಕಡಿಮೆಯಿತ್ತು. ಸಜ್ಜೆ, ನವಣೆ, ಜೋಳ, ಹೆಸರು, ಶೇಂಗಾ ಬೆಳೆಯುವ ನೆಲದಲ್ಲಿ ಕೂಸಿನ ಮೊದಲ ಆಹಾರ ಚಹಾದಲ್ಲಿ ಅದ್ದಿದ ಬಿಸ್ಕತ್ತಾಗಿರುವುದು ಈ ಕಾಲದ ದೊಡ್ಡ ವಿಪರ್ಯಾಸ. ಚಹಾದ ಒಗರು ಊಟದಲ್ಲಿನ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಎರಡನೆಯ ತಪ್ಪು ಪ್ರೀತಿಯಿಂದಲೇ ಆಗುವಂಥದ್ದು: ಹಗುರವಿರಲಿ ಎಂದು ಬ್ಯಾಳಿಯ ಮೇಲಿನ ಕಟ್ಟನ್ನು, ಅನ್ನದ ಗಂಜಿಯನ್ನು ಮಾತ್ರ ಕುಡಿಸುವುದು. ಕೂಸಿನ ಹೊಟ್ಟೆ ಅದರ ಮುಷ್ಟಿಯಷ್ಟು. ಆ ಜಾಗವನ್ನು ನೀರಿನಿಂದ ತುಂಬಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಚಮಚವನ್ನು ಓರೆ ಮಾಡಿದಾಗ ಸುರಿದುಹೋಗದಷ್ಟು ಗಟ್ಟಿಯಿರುವುದೇ ಹದ. ನವಣೆಯ ಅಕ್ಕಿಯನ್ನೋ ಜೋಳದ ನುಚ್ಚನ್ನೋ ಹೆಸರುಬ್ಯಾಳಿಯೊಂದಿಗೆ ಮೆತ್ತಗೆ ಬೇಯಿಸಿ, ಕಿವುಚಿ, ಅರ್ಧ ಚಮಚ ತುಪ್ಪವನ್ನೋ ನುಣ್ಣಗೆ ಕುಟ್ಟಿದ ಶೇಂಗಾ ಹಿಂಡಿಯನ್ನೋ (ಖಾರ, ಉಪ್ಪು ಹಾಕದ್ದು) ಕಲಸಿ, ಆರಂಭದಲ್ಲಿ ಎರಡು ಮೂರು ಚಮಚದಿಂದ ತೊಡಗಿ, ಒಂಬತ್ತನೆಯ ತಿಂಗಳಿಗೆ ದಿನಕ್ಕೆ ಮೂರು ನಾಲ್ಕು ಸಲ ಅರ್ಧ ಬಟ್ಟಲಿಗೆ ತರಬೇಕು. ನುಗ್ಗೆಸೊಪ್ಪು, ಪಪ್ಪಾಯಿ, ಬೆಂದ ತತ್ತಿ (ತಿನ್ನುವ ಮನೆಯಾದರೆ) ಆರು ತಿಂಗಳಿಂದಲೇ ಸೇರಬಹುದು. ಎದೆಹಾಲು ನಿಲ್ಲಬಾರದು. ವಾರಕ್ಕೆ ಎರಡು ಸಲ ಆಶಾ ಕೊಡುವ ಕಬ್ಬಿಣಾಂಶದ ಸಿರಪ್ಪು ಕುಡಿದ ಕೂಸಿನ ಹೇಲು ಕಪ್ಪಾಗುವುದನ್ನು ಕಂಡು ಬಾಟಲಿಯನ್ನು ಮಾಡಿನಲ್ಲಿ ಸಿಕ್ಕಿಸಿಡುವವರು ಬಹಳ. ಆ ಕಪ್ಪು ಬಣ್ಣ ನಿರಪಾಯಕಾರಿ.

ಹುಟ್ಟಿದ ತೂಕ ಐದಾರು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗಬೇಕು. ಆರು ತಿಂಗಳು ದಾಟಿದ ಕೂಸಿನ ತೋಳಿಗೆ ಅಂಗನವಾಡಿ ಕಾರ್ಯಕರ್ತೆ ಸುತ್ತುವ ಬಣ್ಣದ ಪಟ್ಟಿಯಲ್ಲಿ ಅಳತೆ 11.5 ಸೆಂಟಿಮೀಟರಿಗಿಂತ ಕೆಳಗೆ, ಅಂದರೆ ಕೆಂಪು ಬಣ್ಣಕ್ಕೆ ಬಂದರೆ, ಅದು ದೃಷ್ಟಿಯಾದದ್ದಲ್ಲ, ತೀವ್ರ ಅಪೌಷ್ಟಿಕತೆ. ಅಂಥ ಕೂಸನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಇರಿಸಿ ಆರೈಕೆ ಮಾಡಬೇಕಾಗಬಹುದು. ಕೂಲಿ ಬಿಟ್ಟು ತಾಯಿ ಅಲ್ಲಿ ಉಳಿಯುವುದು ಹೇಗೆಂಬ ಪ್ರಶ್ನೆ ನ್ಯಾಯವಾದದ್ದೇ, ಮತ್ತು ಮನೆಯ ಗಂಡಸರು ಉತ್ತರಿಸಬೇಕಾದದ್ದು.

ಕೂಸಿಗೆ ಕಾಯಿಲೆಯಾದಾಗ ಕೈ ಬದಲಾಗುವುದು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಅದು ಆಸ್ಪತ್ರೆಗೆ ಹೋಗುವ ಬದಲು ಬರೆ ಹಾಕುವವರ ಕೈಗೆ ಹೋಗಿಬಿಡಬಹುದು. ಕಾಮಾಲೆಗೆ, ಹೊಟ್ಟೆಯುಬ್ಬರಕ್ಕೆ, ಬಿಡದ ಜ್ವರಕ್ಕೆ ಕೂಸಿನ ಹೊಟ್ಟೆಯ ಮೇಲೆ ಕಾದ ಸೂಜಿಯನ್ನೋ ಬಳೆಯ ಚೂರನ್ನೋ ಇಡುವ ಪದ್ಧತಿಯಿಂದ ಯಾವ ರೋಗವೂ ವಾಸಿಯಾಗುವುದಿಲ್ಲ. ಸುಟ್ಟ ಗಾಯದಲ್ಲಿ ನಂಜೇರುತ್ತದೆ, ಚಿಕಿತ್ಸೆಗೆ ಸಿಗಬೇಕಿದ್ದ ಹೊತ್ತು ಕಳೆದುಹೋಗುತ್ತದೆ. ಮೊಲೆ ಬಿಟ್ಟ ಕೂಸು, ಎಬ್ಬಿಸಿದರೂ ಏಳದ ಕೂಸು, ಫಿಟ್ಸ್ ಬಂದ ಕೂಸು, ಅಂಗೈ ಅಂಗಾಲಿನವರೆಗೆ ಹಳದಿಯಾದ ಕೂಸು, ಮೈ ತಣ್ಣಗಾದ ಅಥವಾ ಸುಡುತ್ತಿರುವ ಎರಡು ತಿಂಗಳೊಳಗಿನ ಕೂಸು, ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವ ಕೂಸು, ಇವುಗಳಿಗೆಲ್ಲ ಒಂದೇ ದಾರಿ 108 ಆಂಬುಲೆನ್ಸ್. ಉಸಿರಾಟವನ್ನು ಮನೆಯಲ್ಲೇ ಎಣಿಸಬಹುದು: ಕೂಸು ಅಳದೆ ಇರುವಾಗ ಅಂಗಿ ಎತ್ತಿ ಹೊಟ್ಟೆಯನ್ನು ನೋಡುತ್ತ ಒಂದು ಪೂರ್ತಿ ನಿಮಿಷ ಎಣಿಸಿದಾಗ, ಎರಡು ತಿಂಗಳೊಳಗಿನದಕ್ಕೆ 60, ಅದರಿಂದ ವರ್ಷದವರೆಗೆ 50 ಮುಟ್ಟಿದರೆ ಅದು ವೇಗದ ಉಸಿರು, ನ್ಯುಮೋನಿಯಾದ ಸೂಚನೆ.

ತಾಯಿಯ ಮನಸ್ಸಿನ ಬಗ್ಗೆ ಬಾಣಂತನ ಮೌನವಾಗಿದೆ. ಎರಡು ವಾರ ದಾಟಿದರೂ ಅಳು ನಿಲ್ಲದ, ಕೂಸಿನ ಕಡೆ ತಿರುಗಿ ನೋಡಲು ಮನಸ್ಸಾಗದ ಬಾಣಂತಿಗೆ ಗಾಳಿ ಸೋಕಿದೆಯೆಂದು ತೀರ್ಮಾನಿಸುವ ಮೊದಲು, ಇದು ಹೆರಿಗೆಯ ನಂತರದ ಖಿನ್ನತೆ, ಅಂದರೆ ಔಷಧಿಗೂ ಮಾತಿಗೂ ಬಗ್ಗುವ ಕಾಯಿಲೆ ಎಂದು ತಿಳಿಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಹೊಸ್ತಿಲು ದುಡಿಮೆಯದು. ಗಂಗಾವತಿಯ ಬದುವಿನ ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ, ಮುಂದೆ ಐದು ವರ್ಷದ ಅಕ್ಕನನ್ನು ಕೂರಿಸಿ, ತಾಯಿ ನಾಟಿಗೆ ಇಳಿಯುವುದು ಸಾಮಾನ್ಯ ನೋಟ. ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವವರ ಪುಟ್ಟ ಮಕ್ಕಳಿಗಾಗಿ 2023-24ರ ಬಜೆಟ್ಟಿನಲ್ಲಿ ರಾಜ್ಯದ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಣೆಯಾದ ‘ಕೂಸಿನ ಮನೆ’ ಯೋಜನೆಯ ಕೇಂದ್ರ ಊರಿನಲ್ಲಿದೆಯೇ, ಇದ್ದರೆ ಬೀಗ ತೆಗೆದಿದೆಯೇ ಎಂದು ಪಂಚಾಯಿತಿಯಲ್ಲಿ ಕೇಳುವ ಹಕ್ಕು ತಂದೆತಾಯಂದಿರಿಗಿದೆ. ಗುಳೆ ಹೋಗುವವರಿಗೆ ಒಂಬತ್ತನೆಯ ತಿಂಗಳ ಲಸಿಕೆ ಬೇರೆ ಜಿಲ್ಲೆಯಲ್ಲೋ ಬೇರೆ ರಾಜ್ಯದಲ್ಲೋ ಬೀಳಬಹುದು. 2024ರಲ್ಲಿ ದೇಶದಾದ್ಯಂತ ಜಾರಿಗೆ ಬಂದ ಯು-ವಿನ್ ಎಂಬ ದಾಖಲೆಯಲ್ಲಿ ಕೂಸಿನ ಹೆಸರು ಸೇರಿದ್ದರೆ ಎಲ್ಲಿ ಬೇಕಾದರೂ ಹಾಕಿಸಬಹುದು. ಬಸ್ಸು ಹತ್ತುವ ಹಿಂದಿನ ದಿನ ತಾಯಿ ಕಾರ್ಡಿನ ಲಸಿಕೆಯ ಪುಟದ ಫೋಟೊ ತಂದೆಯ ಫೋನಿನಲ್ಲೂ ತಾಯಿಯ ಫೋನಿನಲ್ಲೂ ಇರಲಿ, ಕಾರ್ಡು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಭೇದಿಯಾದರೆ ಬೇಕಾಗುವ ನಾಲ್ಕು ಓಆರ್‌ಎಸ್ ಪೊಟ್ಟಣ, ಸತುವಿನ ಮಾತ್ರೆಯ ಪಟ್ಟಿ, ಕೂಸಿನ ಬಟ್ಟಲು ಮತ್ತು ಚಮಚದೊಂದಿಗೆ ಗಂಟಿನ ಎಲ್ಲಕ್ಕಿಂತ ಮೇಲೆ, ರೊಟ್ಟಿಯ ಬುತ್ತಿಯ ಪಕ್ಕದಲ್ಲಿ.